ಉಪ್ಪು ತಿಂದ ಕಾರಿಗೆ ನೀರು ಕುಡಿಸಿ

ಬೆಂಗಳೂರಿನಿಂದ ಡೆಟ್ರಾಯಿಟ್‌ಗೋ ಟೊರಾಂಟೋಗೋ ಕೆಲಸಕ್ಕೆ ಹೋದವರು ಮೊದಲ ಚಳಿಗಾಲಕ್ಕೆ ಜಾಕೆಟ್, ಬೂಟು, ಸ್ನೋ ಟಯರ್ ಎಲ್ಲ ಹೊಂದಿಸಿಕೊಳ್ತಾರೆ. ಕಾರಿನ ಅಡಿಭಾಗವನ್ನು ಮಾತ್ರ ಬಗ್ಗಿ ನೋಡೋರು ಕಡಿಮೆ. ಅಲ್ಲಿ ಕಾರಿನ ಆಯುಷ್ಯ ತಿನ್ನೋದು ಹಿಮ ಅಲ್ಲ, ಉಪ್ಪು.

ರಸ್ತೆಯ ಮಂಜುಗಡ್ಡೆ ಕರಗಲಿ ಅಂತ ಲಾರಿಗಟ್ಟಲೆ ಕಲ್ಲುಪ್ಪು ಸುರಿಯುತ್ತಾರೆ. ಒಂಟಾರಿಯೋದ ಗೊಡೆರಿಕ್‌ನಲ್ಲಿ ಹ್ಯೂರಾನ್ ಸರೋವರದ ಕೆಳಗೆ, ಸುಮಾರು 550 ಮೀಟರ್ ಆಳದಲ್ಲಿ, ದೊಡ್ಡ ಉಪ್ಪಿನ ಗಣಿಯೇ ಇದೆ. ಡೆಟ್ರಾಯಿಟ್ ಊರಿನ ಅಡಿಯಲ್ಲೂ ಇದೆ! ಮೈನಸ್ 9 ಡಿಗ್ರಿಗಿಂತ ಕೆಳಗೆ ಕಲ್ಲುಪ್ಪಿನ ಆಟ ಅಷ್ಟಾಗಿ ನಡೆಯಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಷಿಯಂ ಕ್ಲೋರೈಡ್ ಬಳಸ್ತಾರೆ. ಇವು ಗಾಳಿಯ ತೇವ ಹೀರಿ ಒದ್ದೆಯಾಗೇ ಇರೋದರಿಂದ ಲೋಹಕ್ಕೆ ಇನ್ನೂ ಕಾಟ.

ವಿಚಿತ್ರ ಅಂದ್ರೆ, ಹೀಟರ್ ಇರುವ ಗ್ಯಾರೇಜೇ ಇಲ್ಲಿ ಶತ್ರು. ಕೊರೆಯುವ ಚಳಿಯಲ್ಲಿ ತುಕ್ಕು ನಿಧಾನ. ಉಪ್ಪು ಮೆತ್ತಿದ ಕಾರನ್ನು ಬೆಚ್ಚಗಿನ ಜಾಗದಲ್ಲಿ ನಿಲ್ಲಿಸಿದರೆ ಹಿಮ ಕರಗಿ, ಉಪ್ಪುನೀರು ಸಂದುಗೊಂದಿಗೆಲ್ಲ ಇಳಿದು ತುಕ್ಕಿಗೆ ಹಬ್ಬ. ಹಾಗಾಗಿ ಒಳಗೆ ನಿಲ್ಲಿಸುವ ಮುಂಚೆ ತೊಳೆಸಿ. ಚಳಿಗಾಲ ಪೂರ್ತಿ, ಉಷ್ಣಾಂಶ ಸೊನ್ನೆಗಿಂತ ಮೇಲೇರಿದ ದಿನ ನೋಡಿಕೊಂಡು, ಅಡಿಯಿಂದ ನೀರು ಚಿಮ್ಮಿಸುವ ವಾಶ್ ಮಾಡಿಸಿ. ಮೇಲ್ಗಡೆ ಫಳಫಳ ಹೊಳೆದರೆ ಸಾಲದು.

ಇದು ಬರೀ ಅಂದದ ಪ್ರಶ್ನೆ ಅಲ್ಲ. ಬ್ರೇಕ್ ಆಯಿಲ್ ಹರಿಯುವ ಸಣ್ಣ ಉಕ್ಕಿನ ಪೈಪುಗಳು ಅಡಿಯಲ್ಲೇ ಹಾದು ಹೋಗೋದು. ಅವು ತುಕ್ಕು ಹಿಡಿದು ಒಡೆದರೆ ಪೆಡಲ್ ಒಳಕ್ಕೆ ಹೋಗುತ್ತೆ, ಕಾರು ಬೇಗ ನಿಲ್ಲಲ್ಲ. 2015ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಇದೇ ಕಾರಣಕ್ಕೆ, 2007 ಮತ್ತು ಅದಕ್ಕಿಂತ ಹಳೆಯ ಮಾಡೆಲ್‌ಗಳ ಮಾಲೀಕರಿಗೆ ಪೈಪು ಪರೀಕ್ಷೆ ಮಾಡಿಸಿ ಅಂತ ಎಚ್ಚರಿಕೆ ಕೊಟ್ಟಿತ್ತು.

ಒಂಟಾರಿಯೋದಲ್ಲಿ ಚಳಿ ಶುರುವಾಗೋ ಮುಂಚೆ ಅಡಿಗೆ ಎಣ್ಣೆ ಸ್ಪ್ರೇ ಹೊಡೆಸುವುದು ಅನೇಕರ ವಾರ್ಷಿಕ ರೂಢಿ. ನನ್ನ ಮತವೂ ಅದಕ್ಕೇ. ಎಣ್ಣೆ ಸಂದಿಗೆ ಹರಿದು ಪದರ ಕಟ್ಟುತ್ತೆ. ವರ್ಷಾವರ್ಷ ಮತ್ತೆ ಹೊಡೆಸಬೇಕು, ಅಷ್ಟೆ. ದಪ್ಪ ರಬ್ಬರ್ ಲೇಪ ಹೊಸ, ಒಣ ಲೋಹಕ್ಕಾದರೆ ಸರಿ. ಆಗಲೇ ತುಕ್ಕಿದ್ದರೆ ತೇವ ಒಳಗೇ ಸಿಕ್ಕಿಕೊಂಡು, ಲೇಪದ ಮರೆಯಲ್ಲೇ ಲೋಹ ಕರಗುತ್ತೆ. ಬಾಗಿಲುಗಳ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಸ್ಪ್ರೇ ಅವನ್ನು ಮುಚ್ಚದ ಹಾಗೆ ನೋಡಿಕೊಳ್ಳಿ.

ಅಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋರು ಮೊದಲು ಲಿಫ್ಟಿಗೆ ಏರಿಸಿ ನೋಡಿ. ಹಳೇ ಕಾರಿನ ಅಡಿಯಲ್ಲಿ ಹೊಚ್ಚ ಹೊಸ ಕಪ್ಪು ಬಣ್ಣ ಕಂಡರೆ, ಯಾವಾಗ, ಯಾಕೆ ಹೊಡೆಸಿದ್ರಿ ಅಂತ ಕೇಳಿ.