ಹಬ್ಬದೊಳಗೆ ಹಲಗೆಯ ನೆಲ ಒಣಗೀತೆ?

ಅಕ್ಟೋಬರ್ ಮಧ್ಯಭಾಗಕ್ಕೆ ಮಳೆ ಹಿಂದೆ ಸರಿಯಿತೆಂದರೆ ಗೋವಾದ ಮನೆಗಳಲ್ಲಿ ಗಡಿಬಿಡಿ ಆರಂಭವಾಗುತ್ತದೆ. ಗೋಡೆಗೆ ಸುಣ್ಣ-ಬಣ್ಣ, ಬಾಗಿಲಿಗೆ ಪಾಲಿಶ್, ಅಂಗಳದ ಹುಲ್ಲು ಕೀಳುವುದು, ಒಂದೇ ಎರಡೇ? ನವೆಂಬರ್ 24ಕ್ಕೆ ಸಂತ ಫ್ರಾನ್ಸಿಸ್ ಕ್ಸೇವಿಯರರ ನವೇನ ಶುರು, ಡಿಸೆಂಬರ್ 3ಕ್ಕೆ ಹಬ್ಬ, ಬೆನ್ನಿಗೇ ಕ್ರಿಸ್ಮಸ್, ಜನವರಿಯಲ್ಲಿ ಮದುವೆಗಳು. ಕುವೈತಿನಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಕ್ಕಳು ರಜೆಗೆ ಬರುವವರು. ಅವರು ಬರುವುದರೊಳಗೆ ಮನೆ ಮಿಂಚಬೇಕು. ಈ ಅವಸರದಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಮಹಡಿಯ ಮರದ ನೆಲ. ಅದರ ಬಗ್ಗೆ ಈ ಸಲ ಬರೆಯೋಣವೆಂದುಕೊಂಡೆವು.

ನಮ್ಮ ಓದುಗರಲ್ಲಿ ಕೆಲವರು ಅಂಥ ಮನೆಗಳಲ್ಲಿ ವಾಸವಾಗಿದ್ದೀರಿ. ಇನ್ನೂ ಹಲವರು ಅಂಥ ಮನೆಗಳಲ್ಲಿ ಕೆಲಸ ಮಾಡುತ್ತೀರಿ. ಬಾಗಲಕೋಟೆ, ಗದಗ, ಹಾವೇರಿ, ವಿಜಯಪುರದ ಕಡೆಯಿಂದ ಬಂದು ಗೋವಾದಲ್ಲಿ ಬಡಗಿ, ಪೇಂಟರ್, ಪಾಲಿಶ್ ಕೆಲಸ ಮಾಡುವ ಕನ್ನಡಿಗರು ಬಹಳ. ಹೀಗಾಗಿ ಮನೆಯ ಯಜಮಾನತಿಗೂ ಪಾಲಿಶ್ ಮಿಸ್ತ್ರಿಗೂ ಈ ಮಾತು ಸಲ್ಲುತ್ತದೆ.

ಪೋರ್ಚುಗೀಸ್ ಭಾಷೆಯಲ್ಲಿ ಮಹಡಿ ಮನೆಗೆ 'ಸೊಬ್ರಾದೊ' ಎನ್ನುತ್ತಾರೆ. ಆ ಪದಕ್ಕೆ ಹಲಗೆ ಹಾಸಿದ ನೆಲ ಎಂಬ ಅರ್ಥವೂ ಉಂಟು. ಅಂದರೆ ಮರದ ನೆಲದ ಹೆಸರೇ ಇಡೀ ಮನೆಗೆ ಬಂದಿದೆ! ಪಣಜಿಯ ಫೊಂಟೆನ್ಹಾಸ್ ಕೇರಿಯ ಹಳೆಯ ಮನೆಗಳಲ್ಲಿ, ಸಾಲ್ಸೆಟ್ ಮತ್ತು ಬಾರ್ದೇಸಿನ ಹಳ್ಳಿಗಳ ದೊಡ್ಡ ಮನೆಗಳಲ್ಲಿ ಮೇಲಿನ ಅಂತಸ್ತಿಗೆ ದಪ್ಪ ತೊಲೆಗಳು, ಅವುಗಳ ಮೇಲೆ ಅಗಲ ಹಲಗೆಗಳು. ಹೆಚ್ಚಾಗಿ ಸಾಗುವಾನಿ, ಕೆಲವೆಡೆ ಹಲಸು, ಮತ್ತಿ. ಕಿಟಕಿಗೆ ಗಾಜಿನ ಬದಲು ಕಪ್ಪೆಚಿಪ್ಪಿನ ಬಿಲ್ಲೆಗಳು, ಬೀಟೆ ಮರದ ಕುರ್ಚಿಗಳು, ಅವುಗಳ ಕೆಳಗೆ ಕಾಲಿಟ್ಟರೆ ಸಣ್ಣಗೆ ಕಿರುಗುಟ್ಟುವ ನೆಲ. ಇಂಥ ಮನೆಗಳ ಕಟ್ಟುವಿಕೆಯನ್ನು ಅರಿಯಬೇಕೆಂದರೆ ಪರ್ವರಿ ಬಳಿಯ ತೊರ್ಡಾದಲ್ಲಿ ವಾಸ್ತುಶಿಲ್ಪಿ ಜೆರಾರ್ಡ್ ಡಾ ಕುನ್ಹಾ ಅವರು ಕಟ್ಟಿದ 'ಹೌಸಸ್ ಆಫ್ ಗೋವಾ' ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ಈಗ ಸಮಸ್ಯೆಗೆ ಬರೋಣ. ಗೆದ್ದಲು ತಿಂದ ನಾಲ್ಕಾರು ಹಲಗೆಗಳನ್ನು ಕಿತ್ತು ಹೊಸದನ್ನು ಹಾಕಿರುತ್ತಾರೆ. ಹಳೆಯದು ಕಾಫಿ ಬಣ್ಣ, ಹೊಸದು ಹಳದಿ. ಎರಡೂ ಒಂದೇ ರೀತಿ ಕಾಣಲೆಂದು ಇಡೀ ನೆಲವನ್ನು ತಿಕ್ಕಿ ಸ್ಟೇನ್ ಹಚ್ಚುತ್ತಾರೆ. ಅದರ ಮೇಲೆ ಕಾಪಾಡುವ ಪದರ ಬೇಕು. ಹಿಂದೆ ಅದಕ್ಕೆ ಜೇನುಮೇಣ, ಅಗಸೆ ಎಣ್ಣೆ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಇದ್ದವು. ಅರಗಿನ ಪಾಲಿಶ್ ಕುರ್ಚಿ-ಮೇಜಿಗೆ ಚೆನ್ನ, ನೆಲಕ್ಕಲ್ಲ. ಒದ್ದೆ ಲೋಟ ಇಟ್ಟರೂ ಬಿಳಿ ಉಂಗುರ ಮೂಡುತ್ತದೆ. ಆಮೇಲೆ ಥಿನ್ನರಿನ ಪಾಲಿಯುರೆಥೇನ್ ಬಂತು. ನಮ್ಮ ಮಿಸ್ತ್ರಿಗಳ ಬಾಯಲ್ಲಿ ಅದು 'ಪಿಯು'. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದ ವಸ್ತು ಇದು. ಗಟ್ಟಿ ಹೌದು, ಆದರೆ ಎಣ್ಣೆಯಲ್ಲಿ ಕಲಸಿದ ಬಗೆ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ಹಚ್ಚುವಾಗಿನ ವಾಸನೆಯಂತೂ ದಿನಗಟ್ಟಲೆ ಮನೆ ಬಿಡುವುದಿಲ್ಲ. ಹಾಸಿಗೆ ಹಿಡಿದ ಅಜ್ಜಿ, ಉಬ್ಬಸದ ಮಗು, ಗರ್ಭಿಣಿ ಸೊಸೆ ಇರುವ ಮನೆಯಲ್ಲಿ ಅದನ್ನು ಹಚ್ಚುವುದು ಹೇಗೆ? ಎಲ್ಲರನ್ನೂ ಎಲ್ಲಿಗೆ ಕಳಿಸುವುದು?

ಈ ಕಷ್ಟಕ್ಕೆ ಹೆದರಿ ಕೆಲವರು ಹಲಗೆಯನ್ನೇ ಕಿತ್ತೊಗೆದು ಟೈಲ್ಸ್ ಹಾಕಿಸುತ್ತಾರೆ. ತೊಲೆಗಳ ಮೇಲೆ ಸಿಮೆಂಟು, ಟೈಲ್ಸಿನ ಭಾರ ಬೀಳುತ್ತದೆ. ಕಿತ್ತ ಸಾಗುವಾನಿ ಹಳೆ ಮರದ ವ್ಯಾಪಾರಿಯ ಪಾಲು. ಅಷ್ಟು ಅಗಲದ, ಅಷ್ಟು ಬೆಳೆದ ಮರ ಮತ್ತೆ ಕೊಳ್ಳಲು ಹೋದರೆ ಸಿಕ್ಕುವುದೇ ಕಷ್ಟ, ಸಿಕ್ಕರೂ ಬೆಲೆ ಕೇಳಿ ಹಿಂತಿರುಗಬೇಕಾದೀತು. ಹೀಗೆ ಕೀಳುವುದನ್ನು ನಾವು ಒಪ್ಪುವುದಿಲ್ಲ. ಮನೆ ಬಿಡದೆಯೇ ನೆಲವನ್ನು ಉಳಿಸಿಕೊಳ್ಳಲು ಈಗ ನೀರಿನ ಪಿಯು ಇದೆ.

ಅದರ ಡಬ್ಬಿ ತೆರೆದರೆ ಹಾಲಿನಂತೆ ಬೆಳ್ಳಗೆ. ನೋಡಿದವರಿಗೆ ಗಾಬರಿ: "ನನ್ನ ಕಪ್ಪು ನೆಲ ಬಿಳಿಯಾದೀತು!" ಆಗುವುದಿಲ್ಲ. ಪ್ಲಾಸ್ಟಿಕ್ಕಿನಂಥ ರಾಳದ ಅತಿ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಕಣಗಳು ಹತ್ತಿರ ಬಂದು, ಒಂದಕ್ಕೊಂದು ಅಂಟಿ, ತಿಳಿಯಾದ ಪೊರೆಯಾಗುತ್ತವೆ. ವಾಸನೆ ತೀರ ಕಡಿಮೆ, ಹಳದಿಯಾಗುವುದಿಲ್ಲ, ಎರಡು ಮೂರು ಗಂಟೆಯಲ್ಲಿ ಮುಂದಿನ ಕೋಟಿಗೆ ಸಿದ್ಧ. ಒಂದು ಕೊರತೆ ಹೇಳಲೇಬೇಕು. ಎಣ್ಣೆ ಪಾಲಿಶ್ ಕೊಡುವ ಜೇನಿನಂಥ ಹೊಳಪು ಇದರಲ್ಲಿಲ್ಲ. ತುಸು ತಣ್ಣನೆಯ ನೋಟ. ಅಡಿಯಲ್ಲಿ ಸ್ಟೇನ್ ಇದ್ದರೆ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ.

ತೊಡಕು ಇರುವುದೂ ಆ ಸ್ಟೇನಿನಲ್ಲಿಯೇ. ಅಂಗಡಿಯಲ್ಲಿ ಸಿಗುವ ಸ್ಟೇನ್ ಎಣ್ಣೆಯದಾದರೆ, ಮುಟ್ಟಿ ನೋಡಿದಾಗ ನಾಲ್ಕು ಗಂಟೆಯಲ್ಲೇ ಒಣಗಿದಂತೆ ತೋರುತ್ತದೆ. ಮರದ ಒಳಗೆ ಅದು ಇನ್ನೂ ಹಸಿ. ಅದರ ಮೇಲೆ ನೀರಿನ ಪಾಲಿಶ್ ಎಳೆದರೆ ಎಣ್ಣೆ-ನೀರಿನ ಹಳೆಯ ಜಗಳ ಅಲ್ಲಿಯೂ ನಡೆಯುತ್ತದೆ. ಕೆಲವೆಡೆ ನೀರು ಹನಿಹನಿಯಾಗಿ ದೂರ ಸರಿಯುತ್ತದೆ. ಇನ್ನು ಕೆಲವೆಡೆ ಹಚ್ಚಿದ ದಿನ ಕನ್ನಡಿಯಂತಿದ್ದು, ಆರು ತಿಂಗಳಲ್ಲಿ ಸಿಪ್ಪೆಯಂತೆ ಏಳುತ್ತದೆ. ಗದಗಿನ ಕಡೆಯ ಮಿಸ್ತ್ರಿಯೊಬ್ಬರು ನಮಗೆ ಹೇಳಿದ್ದು ನೆನಪಿದೆ: "ಮ್ಯಾಲ ಒಣಗಿರ್ತದ್ರೀ ಫಾದರ್, ಒಳಗ ಒಣಗಿರಂಗಿಲ್ರೀ. ಮನಿಯವ್ರು ಕಾಯಾಕ ಬಿಡಂಗಿಲ್ಲ." ಪಾಲಿಶ್ ಕಂಪನಿಯನ್ನೋ ಮಿಸ್ತ್ರಿಯನ್ನೋ ಬೈಯುವ ಮೊದಲು ಈ ಮಾತನ್ನು ಯೋಚಿಸಬೇಕು. ಹಬ್ಬ ಹತ್ತಿರ ಬಂತೆಂದು ಬೆನ್ನು ಹತ್ತಿದವರು ಯಾರು?

ಎಣ್ಣೆಯ ಸ್ಟೇನಿಗೆ ಎರಡರಿಂದ ಮೂರು ದಿನ ಬಿಡಬೇಕು, ಗಾಳಿ ಒದ್ದೆಯಿದ್ದರೆ ಇನ್ನೂ ಹೆಚ್ಚು. ಪರೀಕ್ಷೆ ಸುಲಭ. ಬಿಳಿ ಬಟ್ಟೆಯಿಂದ ಬಲವಾಗಿ ಉಜ್ಜಿ ನೋಡಿ. ಬಣ್ಣ ಬಂದರೆ ಕಾಯಿರಿ. ಮೂಗು ಹತ್ತಿರ ತಂದಾಗ ಎಣ್ಣೆಯ ವಾಸನೆ ಬಂದರೂ ಕಾಯಿರಿ. ನೀರಿನ ಸ್ಟೇನ್ ಆದರೆ ಬೇರೆ ಪೇಚು. ಮೊದಲ ಕೋಟು ಎಳೆಯುವಾಗ ಅದು ಕರಗಿ ಬ್ರಷ್ಷಿನ ಜೊತೆ ಬಂದು ಗೆರೆ ಬೀಳಬಹುದು. ಒತ್ತಿ ತಿಕ್ಕದೆ ಒಂದೇ ಸಲ ತೆಳ್ಳಗೆ ಎಳೆದು ಬಿಡಬೇಕು. ಏನೇ ಆದರೂ ಕಪಾಟಿನ ಅಡಿಯ ಮೂಲೆಯಲ್ಲಿ ಒಂದು ಚದರಡಿ ಮೊದಲು ಮಾಡಿ ನೋಡಿ. ಅದು ಪೂರ್ತಿ ಒಣಗಿದ ಮೇಲೆ ಬ್ಲೇಡಿನಿಂದ ಸಣ್ಣ ಚೌಕುಳಿ ಗೀರಿ, ಅಂಟುಪಟ್ಟಿ ಒತ್ತಿ ಸರ್ರನೆ ಕಿತ್ತರೆ ಪದರ ಎದ್ದು ಬರಬಾರದು.

ಹಳೆಯ ಮೇಣ ಇನ್ನೊಂದು ಶತ್ರು. ಅಜ್ಜಿಯ ಕಾಲದಿಂದ ಮೇಣ ಉಜ್ಜಿದ ನೆಲದ ಮೇಲೆ ನೀರಿನ ಪಾಲಿಶ್ ಕೂರುವುದೇ ಇಲ್ಲ. ಉಗುರಿನಿಂದ ಕೆರೆದರೆ ಜಿಡ್ಡು ಬಂದರೆ ಅದು ಮೇಣ. ಟರ್ಪೆಂಟೈನ್ ಬಟ್ಟೆಯಿಂದ ಮೊದಲು ಒರೆಸಿ ತೆಗೆದು, ಆಮೇಲೆ ಪಾಲಿಶ್ ಪೇಪರ್. ಸಾಗುವಾನಿಗೆ ತನ್ನದೇ ಎಣ್ಣೆಯೂ ಇದೆ. ತಿಕ್ಕಿ ಮುಗಿಸಿದ ಮೇಲೆ ಥಿನ್ನರ್ ಬಟ್ಟೆಯಿಂದ ಒಮ್ಮೆ ಒರೆಸಿ, ಆರಿದ ಮೇಲೆ ಸ್ಟೇನ್ ಹಚ್ಚಬೇಕು.

ತಿಕ್ಕುವ ಮೊದಲು ತಲೆ ಎತ್ತಿ ಮಾಡು ನೋಡಿ. ಗೋವಾದ ಹಳೆಯ ಮಾಡುಗಳ ಮೇಲಿರುವುದು ಹೆಚ್ಚಾಗಿ ನಮ್ಮ ಮಂಗಳೂರು ಹೆಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಆರಂಭಿಸಿದ ಕಾರ್ಖಾನೆಯಿಂದ ಹಬ್ಬಿದ್ದು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಒಂದು ಹೆಂಚು ಜಾರಿದರೆ ಸಾಕು, ಕೆಳಗಿನ ನೆಲದ ಪಾಲಿಶ್ ಎಷ್ಟು ದುಬಾರಿಯಾದರೂ ವ್ಯರ್ಥ. ಮಳೆಗಾಲವಿಡೀ ನೀರು ಕುಡಿದು ಉಬ್ಬಿದ ಹಲಗೆಗಳು ಇಳಿಯಲು ಎರಡು ಮೂರು ವಾರ ಬೇಕು. ಬೇಸಿಗೆಯಲ್ಲಿ ಹಲಗೆಗಳ ನಡುವೆ ಸಂದು ಬಿಟ್ಟರೆ ಪುಟ್ಟಿ ತುಂಬಲು ಆತುರಪಡಬೇಡಿ. ಜೂನ್ ಬಂದಾಗ ಮರ ಮತ್ತೆ ಉಬ್ಬಿ ಆ ಪುಟ್ಟಿಯನ್ನು ಹೊರಕ್ಕೆ ತಳ್ಳುತ್ತದೆ. ಮರಕ್ಕೆ ಉಸಿರಾಡಲು ಬಿಟ್ಟ ಜಾಗ ಅದು.

ಹಾಗಾದರೆ ಹಬ್ಬಕ್ಕೆ ಮುಗಿದೀತೆ? ಲೆಕ್ಕ ಹಾಕೋಣ. ನವೆಂಬರ್ 3 ಮತ್ತು 4 ತಿಕ್ಕುವುದಕ್ಕೆ. ಎದ್ದ ಮೊಳೆಗಳನ್ನು ಮೊದಲು ಒಳಕ್ಕೆ ಹೊಡೆದು, 60ರ ಪೇಪರಿನಿಂದ ಆರಂಭಿಸಿ 80, 120ಕ್ಕೆ ಬರಬೇಕು. ಕೊನೆಗೆ ಒದ್ದೆ ಬಟ್ಟೆಯಿಂದ ನೆಲವನ್ನು ಒಮ್ಮೆ ಸವರಿ ಒಣಗಲು ಬಿಟ್ಟರೆ ಮರದ ನಾರು ಎದ್ದು ನಿಲ್ಲುತ್ತದೆ. ಅದನ್ನು 120ರಲ್ಲೇ ಹಗುರಾಗಿ ತೆಗೆದುಬಿಟ್ಟರೆ ಮುಂದೆ ನೀರಿನ ಪಾಲಿಶ್ ತಾಗಿದಾಗ ನೆಲ ಒರಟಾಗುವುದು ಕಡಿಮೆ. 5ಕ್ಕೆ ಸ್ಟೇನ್. 6, 7, 8 ಬಾಗಿಲು ಮುಚ್ಚಿ ಸುಮ್ಮನಿರಬೇಕು. ಈ ಮೂರು ದಿನವೇ ಎಲ್ಲರಿಗೂ ಕಷ್ಟ. 9 ಮತ್ತು 10ಕ್ಕೆ ದಿನಕ್ಕೆ ಎರಡರಂತೆ ನಾಲ್ಕು ಕೋಟು. 11ಕ್ಕೆ ಬರಿಯ ಕಾಲುಚೀಲದಲ್ಲಿ ನಡೆಯಬಹುದು, 13ಕ್ಕೆ ಕುರ್ಚಿ-ಮಂಚ ಎತ್ತಿ ಇಡಬಹುದು. ಎಳೆಯಬಾರದು. ಜಮಖಾನೆ ಹಾಸಲು ಎರಡು ವಾರ ಕಾಯಿರಿ, ಅಂದರೆ ನವೇನದ ಮೊದಲ ದಿನಕ್ಕೆ. ನವೆಂಬರ್ 20ಕ್ಕೆ ಮಿಸ್ತ್ರಿಯನ್ನು ಕರೆದು "ಹಬ್ಬದೊಳಗೆ ಮುಗಿಸಪ್ಪಾ" ಎನ್ನುವವರು ದಯವಿಟ್ಟು ಜನವರಿಗೆ ಮುಂದೂಡಿ. ಹಬ್ಬಕ್ಕೆ ಬಂದ ನೆಂಟರು ನೆಲ ನೋಡಲು ಬರುವುದಿಲ್ಲ.

ಹಚ್ಚುವ ರೀತಿಯಲ್ಲಿ ಕೆಲವು ಸೂಕ್ಷ್ಮಗಳಿವೆ. ಡಬ್ಬಿಯನ್ನು ಅಲುಗಾಡಿಸಬೇಡಿ, ಗುಳ್ಳೆ ಬರುತ್ತದೆ. ಕೋಲಿನಿಂದ ನಿಧಾನ ಕಲಸಿ. ಪ್ರಾಣಿಯ ಕೂದಲಿನ ಬ್ರಷ್ಷು ನೀರು ಕುಡಿದು ಮೆತ್ತಗಾಗುತ್ತದೆ, ನೈಲಾನ್ ಬ್ರಷ್ಷೇ ಬೇಕು. ಹಚ್ಚುವಾಗ ಫ್ಯಾನು ಬಂದ್, ಬಿಸಿಲು ಬೀಳುವ ಕಿಟಕಿಗೆ ಪರದೆ. ಮೇಲ್ಮೈ ಒಣಗಿದ ಮೇಲೆ ಗಾಳಿ ಬರಲಿ. ಹಲಗೆಯ ಉದ್ದಕ್ಕೆ, ಬಾಗಿಲ ಕಡೆಗೆ ಹಿಂದೆ ಸರಿಯುತ್ತಾ ಬನ್ನಿ. ಹಸಿ ಅಂಚು ಒಣಗುವ ಮೊದಲೇ ಮುಂದಿನ ಪಟ್ಟಿ ಅದಕ್ಕೆ ಸೇರಬೇಕು. ನಡುವೆ ಚಹಾಕ್ಕೆ ಎದ್ದರೆ ಗೆರೆ ಉಳಿದೇ ಉಳಿಯುತ್ತದೆ. ಒಂದು ಲೀಟರಿಗೆ ಸುಮಾರು ಹತ್ತು-ಹನ್ನೆರಡು ಚದರ ಮೀಟರ್, ಅಂದರೆ ಹತ್ತು-ಹನ್ನೆರಡು ಅಡಿಯ ಕೋಣೆಗೆ ಕೋಟಿಗೊಂದು ಲೀಟರ್. ಮೊದಲ ಕೋಟಿನ ಮೇಲೆ ಪೇಪರ್ ಆಡಿಸಬೇಡಿ, ಕೆಳಗಿನ ಸ್ಟೇನೇ ಕಿತ್ತು ಬಿಳಿ ಮಚ್ಚೆ ಬೀಳುತ್ತದೆ. ಎರಡನೆಯದರ ಮೇಲೆ 220ರಿಂದ ಹಗುರಾಗಿ. ಸ್ಟೀಲ್ ಉಣ್ಣೆಯನ್ನಂತೂ ಮನೆಯೊಳಗೇ ತರಬೇಡಿ. ಅದರ ಚೂರುಗಳು ನೀರು ತಾಗಿ ತುಕ್ಕು ಹಿಡಿದು ಮರದಲ್ಲಿ ಶಾಯಿಯಂಥ ಕಪ್ಪು ಚುಕ್ಕೆ ಮಾಡುತ್ತವೆ.

ಅಂಗಡಿಯವರು ನೆಲಕ್ಕೆ ಬಳಸುವುದನ್ನೇ ಕೊಟ್ಟಿದ್ದಾರೆಯೇ ಎಂದು ನೋಡಿ. ಕಪಾಟಿಗೆ ಹಚ್ಚುವುದು ನೆಲದ ಓಡಾಟಕ್ಕೆ ತಾಳುವುದಿಲ್ಲ. ಎರಡು ಡಬ್ಬಿ ಬೆರೆಸುವ ಬಗೆ ಹೆಚ್ಚು ಗಟ್ಟಿ. ಆದರೆ ಅದರ ಹಾರ್ಡನರಿನಲ್ಲಿ ಸಾಮಾನ್ಯವಾಗಿ ಐಸೊಸೈನೇಟ್ ಇರುತ್ತದೆ, ಶ್ವಾಸಕ್ಕೆ ಒಳ್ಳೆಯದಲ್ಲ. ನೀರಿನದು ಎಂದ ಮಾತ್ರಕ್ಕೆ ಪೂರ್ತಿ ನಿರಪಾಯವೆಂದು ತಿಳಿಯಬೇಡಿ. ಕೈಗವಸು, ಕಿಟಕಿಯ ಗಾಳಿ, ಡಬ್ಬಿಯ ಮೇಲೆ ಹೇಳಿದ ಮಾಸ್ಕ್ ಬೇಕೇ ಬೇಕು. ಮಿಸ್ತ್ರಿಗೆ ಅದನ್ನು ತಂದುಕೊಡುವುದು ಮನೆಯವರ ಹೊಣೆ. ಕೂಲಿಯಲ್ಲಿ ಹಿಡಿಯುವ ಲೆಕ್ಕವಲ್ಲ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ದಿನವಿಡೀ ಸಾಗುವಾನಿಯ ಧೂಳು ಕುಡಿಯುವವರನ್ನು ನಾವು ಸಾಕಷ್ಟು ಕಂಡಿದ್ದೇವೆ. ಹಳ್ಳಿಯಲ್ಲಿ ಅವರ ಹಣಕ್ಕೆ ಕಾದಿರುವ ಮನೆಗಳನ್ನೂ ಕಂಡಿದ್ದೇವೆ.

ಎಣ್ಣೆಯ ಸ್ಟೇನ್ ಒರೆಸಿದ ಬಟ್ಟೆಗಳ ಬಗ್ಗೆ ಎಚ್ಚರ ಬೇಕು. ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಬಿಸಿ ಹುಟ್ಟಿಸುತ್ತದೆ. ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ ಆ ಬಿಸಿ ಹೊರಹೋಗದೆ, ಬೆಂಕಿಕಡ್ಡಿ ತಾಗದೆಯೂ ಹೊತ್ತಿಕೊಳ್ಳಬಹುದು. ಅದೂ ಮರದ ನೆಲದ ಮೇಲೆ! ಒಂದೊಂದನ್ನೇ ಬಿಡಿಸಿ ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಹಾಕಿಡಿ.

ಎಲ್ಲ ನೆಲಕ್ಕೂ ಈ ಉಪಚಾರ ಬೇಕಿಲ್ಲ. ಒಮ್ಮೆ ಯಂತ್ರ ಆಡಿಸಿದಾಗಲೆಲ್ಲ ಹಲಗೆ ಸ್ವಲ್ಪ ಸವೆಯುತ್ತದೆ, ಸವೆದದ್ದು ಮರಳಿ ಬರುವುದಿಲ್ಲ. ನೂರಾರು ವರ್ಷದ ಹಲಗೆ ಮೇಣದಿಂದಲೇ ಮಿರುಗುತ್ತಿದ್ದರೆ, ಹೊಸ ಹಲಗೆಗಷ್ಟೇ ಸ್ಟೇನ್ ಹಚ್ಚಿ ಒಣಗಿದ ಮೇಲೆ ಮೇಣ ಉಜ್ಜಿ, ಉಳಿದದ್ದನ್ನು ಮುಟ್ಟದಿರುವುದೇ ಲೇಸೆಂಬುದು ನಮ್ಮ ಅಭಿಪ್ರಾಯ. ಪಾಲಿಶ್ ಮಾಡಿದ ನೆಲಕ್ಕೆ ಮುಂದೆ ಬಕೆಟಿನಿಂದ ನೀರು ಸುರಿಯಬೇಡಿ. ಹಿಂಡಿದ ಬಟ್ಟೆ ಸಾಕು. ಕುರ್ಚಿಯ ಕಾಲಿಗೆ ಉಣ್ಣೆಯ ತುಂಡು ಅಂಟಿಸಿ. ರಬ್ಬರ್ ತಳದ ಚಾಪೆಯಿಂದ ಕಲೆ ಬೀಳುವುದುಂಟು, ಅದನ್ನು ಹಾಕಬೇಡಿ. ಹೊಳಪು ಮಾಸಿತೆಂದು ತೋರಿದರೆ, ಪದರ ಮರದವರೆಗೆ ಸವೆಯುವ ಮೊದಲೇ 220ರಿಂದ ಮೇಲೆ ಮೇಲೆ ಉಜ್ಜಿ, ಧೂಳು ಒರೆಸಿ, ಇನ್ನೊಂದು ಕೋಟು ಹಚ್ಚಿದರಾಯಿತು. ಅದಕ್ಕೆ ಸ್ಟೇನೂ ಬೇಡ, ಮೂರು ದಿನದ ಕಾಯುವಿಕೆಯೂ ಬೇಡ. ಡಿಸೆಂಬರಿನಿಂದ ಫೆಬ್ರವರಿಯೊಳಗಿನ ಒಂದು ಒಣ ಶನಿವಾರ ನೋಡಿಕೊಳ್ಳಿ.