ಚಿಕ್ಕಬಾಣಾವರದ ಹೊಸ ಮತದಾರ ಯಾವ ಪಕ್ಷದವನು?

ಚಿಕ್ಕಬಾಣಾವರ: ಬೆಂಗಳೂರಿನಿಂದ ತುಮಕೂರಿಗೆ ಸಾಗುವ ರೈಲು ಮಾರ್ಗದಿಂದ ಹಾಸನದ ಮಾರ್ಗ ಕವಲೊಡೆಯುವುದು ಚಿಕ್ಕಬಾಣಾವರದಲ್ಲಿ. ಈ ಎರಡೂ ದಿಕ್ಕುಗಳಿಂದ ಬಂದು ರಾಜಧಾನಿಯ ಉತ್ತರದ ಅಂಚಿನಲ್ಲಿ ನೆಲೆಸಿದವರು ಅನೇಕರು. ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸ ಹಿಡಿದ ತುಮಕೂರು, ಹಾಸನ, ಮಂಡ್ಯ ಕಡೆಯ ಕುಟುಂಬಗಳು, ಅವರ ಹಿಂದೆ ಬಂದ ಉತ್ತರ ಕರ್ನಾಟಕದ ಕಟ್ಟಡ ಕಾರ್ಮಿಕರು, ಸಿದ್ಧ ಉಡುಪು ಕಾರ್ಖಾನೆಗಳ ಮಹಿಳೆಯರು, ಹೆಸರಘಟ್ಟ ರಸ್ತೆಯ ಕಾಲೇಜುಗಳಿಗೆ ಬಂದ ಹೊರ ರಾಜ್ಯಗಳ ವಿದ್ಯಾರ್ಥಿಗಳು, ತೀರ ಈಚೆಗೆ ಪೂರ್ವ ಭಾರತದ ಕಾರ್ಮಿಕರು ಎಲ್ಲರೂ ಇಂದು ಇಲ್ಲಿನ ನಿವಾಸಿಗಳು. ಒಂದು ಕಾಲದ ಗ್ರಾಮ ಪಂಚಾಯಿತಿ ಈಗ ಪುರಸಭೆಯಾಗಿದೆ.

ಜನ ಬದಲಾದರೆ ಮತವೂ ಬದಲಾಗುತ್ತದೆ, ಮತ ಬದಲಾದರೆ ಪಕ್ಷಗಳ ಹಣೆಬರಹವೂ ಬದಲಾಗುತ್ತದೆ ಎಂಬುದು ರಾಜಕೀಯದ ಸಾಮಾನ್ಯ ಲೆಕ್ಕಾಚಾರ. ಆದರೆ ಉತ್ತರ ಬೆಂಗಳೂರಿನ ಕಳೆದ ಎರಡು ದಶಕಗಳ ಫಲಿತಾಂಶಗಳನ್ನು ಪರಿಶೀಲಿಸಿದರೆ ಈ ಲೆಕ್ಕ ಅಷ್ಟು ಸರಳವಲ್ಲ ಎಂಬುದು ಸ್ಪಷ್ಟವಾಗುತ್ತದೆ. ಹೊಸ ಮತದಾರ ಇಲ್ಲಿ ಒಂದು ಪಕ್ಷವನ್ನು ಬಿಟ್ಟು ಇನ್ನೊಂದಕ್ಕೆ ಸೇರಿಲ್ಲ. ಅವನು ಇನ್ನೂ ಯಾವ ಪಕ್ಷದವನೂ ಆಗಿಲ್ಲ.

ಬೆಳೆದ ಜನಸಂಖ್ಯೆ, ಬದಲಾದ ಗಡಿ

2001ರ ಜನಗಣತಿಯಲ್ಲಿ ಸುಮಾರು 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ರ ವೇಳೆಗೆ 96 ಲಕ್ಷ ದಾಟಿತು. ಹತ್ತು ವರ್ಷಗಳಲ್ಲಿ ಶೇ. 47ರಷ್ಟು ಏರಿಕೆ. ಅದೇ ಅವಧಿಯಲ್ಲಿ ಇಡೀ ರಾಜ್ಯದ ಏರಿಕೆ ಶೇ. 16ಕ್ಕಿಂತ ಕಡಿಮೆ. ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರ ಪ್ರಮಾಣ 2011ರಲ್ಲಿ ಜಿಲ್ಲೆಯ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆಯಿತ್ತು. ನಗರದ ನಡುಭಾಗ ಆಗಲೇ ತುಂಬಿದ್ದುದರಿಂದ ಈ ಬೆಳವಣಿಗೆಯ ಬಹುಪಾಲು ಹೊರವಲಯದ ಹಳ್ಳಿಗಳ ಮೇಲೆ ಬಿತ್ತು.

ಈ ಬದಲಾವಣೆಯ ರಾಜಕೀಯ ಪರಿಣಾಮ ಮೊದಲು ಕಾಣಿಸಿದ್ದು 2008ರಲ್ಲಿ. 2001ರ ಜನಗಣತಿಯನ್ನು ಆಧರಿಸಿ ನಡೆದ ಕ್ಷೇತ್ರ ಪುನರ್ವಿಂಗಡಣೆಯ ನಂತರ ದೇಶದಲ್ಲಿ ಮೊದಲು ಚುನಾವಣೆ ಎದುರಿಸಿದ ರಾಜ್ಯ ಕರ್ನಾಟಕ. ರಾಜಧಾನಿಯ ವಿಧಾನಸಭಾ ಸ್ಥಾನಗಳು 16ರಿಂದ 28ಕ್ಕೆ ಏರಿದವು. ಒಟ್ಟು 224 ಸ್ಥಾನಗಳ ಸಂಖ್ಯೆ ಬದಲಾಗದ ಕಾರಣ, ಬೆಂಗಳೂರಿಗೆ ಬಂದ ಒಂದೊಂದು ಹೊಸ ಕ್ಷೇತ್ರವೂ ರಾಜ್ಯದ ಇನ್ನೊಂದು ಭಾಗ ಕಳೆದುಕೊಂಡದ್ದೇ ಆಗಿತ್ತು. ದಾಸರಹಳ್ಳಿ, ಬ್ಯಾಟರಾಯನಪುರ, ಯಶವಂತಪುರ, ಮಹಾಲಕ್ಷ್ಮಿ ಲೇಔಟ್ ಮುಂತಾದ ಕ್ಷೇತ್ರಗಳು ನಕ್ಷೆಯಲ್ಲಿ ಮೂಡಿದವು. ಚಿಕ್ಕಬಾಣಾವರ ದಾಸರಹಳ್ಳಿಗೆ ಸೇರಿತು.

ಹೊಸ ಗಡಿಯಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ರಾಜಧಾನಿಯ 28 ಸ್ಥಾನಗಳ ಪೈಕಿ 17ನ್ನು ಬಿಜೆಪಿ ಗೆದ್ದುಕೊಂಡಿತು. ನಗರ ಬೆಳೆದಷ್ಟೂ ಕಮಲ ಅರಳುತ್ತದೆ ಎಂಬ ವಿಶ್ಲೇಷಣೆ ಆಗ ಸಾಮಾನ್ಯವಾಗಿತ್ತು. ಮುಂದಿನ ಚುನಾವಣೆಗಳು ಅದನ್ನು ಪೂರ್ತಿಯಾಗಿ ಸಮರ್ಥಿಸಲಿಲ್ಲ. 2013ರಲ್ಲಿ ಕಾಂಗ್ರೆಸ್ 13, ಬಿಜೆಪಿ 12 ಸ್ಥಾನ ಪಡೆದವು. 2018ರಲ್ಲಿ ಕಾಂಗ್ರೆಸ್ 15ಕ್ಕೆ ಏರಿ ಬಿಜೆಪಿ 11ಕ್ಕೆ ಇಳಿಯಿತು. 2023ರಲ್ಲಿ ರಾಜ್ಯವನ್ನೇ ಕಾಂಗ್ರೆಸ್ 135 ಸ್ಥಾನಗಳೊಂದಿಗೆ ಗೆದ್ದಾಗ, ರಾಜಧಾನಿಯಲ್ಲಿ ಬಿಜೆಪಿ 16 ಸ್ಥಾನ ಗಳಿಸಿ ಮುಂದಿತ್ತು. ಜನಸಂಖ್ಯೆ ಒಂದೇ ದಿಕ್ಕಿನಲ್ಲಿ ಬೆಳೆಯುತ್ತಿದ್ದರೂ ಫಲಿತಾಂಶ ಹಾಗೆ ಸಾಗಲಿಲ್ಲ.

ದಾಸರಹಳ್ಳಿಯ ಲೆಕ್ಕ

ದಾಸರಹಳ್ಳಿ ಕ್ಷೇತ್ರ ಇದಕ್ಕೆ ಉತ್ತಮ ನಿದರ್ಶನ. 2008 ಮತ್ತು 2013ರಲ್ಲಿ ಬಿಜೆಪಿಯ ಎಸ್. ಮುನಿರಾಜು ಇಲ್ಲಿಂದ ಆಯ್ಕೆಯಾದರು. 2018ರಲ್ಲಿ ಜೆಡಿಎಸ್‌ನ ಆರ್. ಮಂಜುನಾಥ್ ಅವರನ್ನು ಹತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆ ವರ್ಷ ರಾಜಧಾನಿಯಲ್ಲಿ ಜೆಡಿಎಸ್ ಗೆದ್ದ ಎರಡೇ ಕ್ಷೇತ್ರಗಳು ದಾಸರಹಳ್ಳಿ ಮತ್ತು ಮಹಾಲಕ್ಷ್ಮಿ ಲೇಔಟ್. 2023ರಲ್ಲಿ ಮುನಿರಾಜು ಸುಮಾರು ಒಂಬತ್ತು ಸಾವಿರ ಮತಗಳಿಂದ ಮರಳಿ ಗೆದ್ದರು.

ತುಮಕೂರು ರಸ್ತೆಯ ಉದ್ದಕ್ಕೂ ನೆಲೆಸಿದ ಹಳೆಯ ಮೈಸೂರು ಭಾಗದ ಕುಟುಂಬಗಳೇ ಇಲ್ಲಿ ಜೆಡಿಎಸ್‌ನ ಬಲ ಎಂಬುದು ರಾಜಕೀಯ ವಲಯದ ಸಾಮಾನ್ಯ ವಿವರಣೆ. ಊರು ಬಿಟ್ಟು ಬಂದವರು ಊರಿನ ಪಕ್ಷವನ್ನೂ ಗಂಟುಮೂಟೆಯಲ್ಲಿ ಕಟ್ಟಿ ತಂದರೆಂಬುದು ಇದರ ತಾತ್ಪರ್ಯ. ಮೊದಲ ತಲೆಮಾರಿನ ಮಟ್ಟಿಗೆ ಇದರಲ್ಲಿ ಸತ್ಯಾಂಶವಿದೆ. ಆದರೆ ಈ ಮನೆಗಳಲ್ಲಿ ಹುಟ್ಟಿ ಇಲ್ಲಿಯೇ ಓದಿ ಬೆಳೆದ ಎರಡನೆಯ ತಲೆಮಾರಿಗೆ ಹಬ್ಬಕ್ಕೆ ಹೋಗಿಬರುವ ಊರೊಂದು ಇದೆಯೇ ಹೊರತು, ಆ ಊರಿನ ಗೌಡರ, ಸೊಸೈಟಿಯ, ನೀರಾವರಿಯ ರಾಜಕೀಯದೊಡನೆ ನಿತ್ಯದ ಸಂಬಂಧವಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ರಾಷ್ಟ್ರೀಯ ಪ್ರಜಾಸತ್ತಾತ್ಮಕ ಒಕ್ಕೂಟವನ್ನು ಸೇರಿದ ಬಳಿಕ ಪ್ರಶ್ನೆ ಇನ್ನಷ್ಟು ಜಟಿಲವಾಗಿದೆ. ಸುಮಾರು ಒಂದು ವರ್ಷದ ಹಿಂದಷ್ಟೇ ಪರಸ್ಪರ ಸೆಣಸಿದ್ದ ಎರಡು ಪಕ್ಷಗಳ ಕಾರ್ಯಕರ್ತರು 2024ರ ಲೋಕಸಭಾ ಚುನಾವಣೆಯಲ್ಲಿ ಒಬ್ಬನೇ ಅಭ್ಯರ್ಥಿಯ ಪರ ಪ್ರಚಾರಕ್ಕಿಳಿಯಬೇಕಾಯಿತು. ನಾಯಕರು ಕೈಕುಲುಕಿದ ಮಾತ್ರಕ್ಕೆ ಮತ ವರ್ಗಾವಣೆಯಾಗದು. ಒಂದು ಕ್ಷೇತ್ರದಲ್ಲಿ ಮೊದಲ ಎರಡು ಸ್ಥಾನ ಪಡೆದ ಪಕ್ಷಗಳೇ ಮಿತ್ರರಾದಾಗ, ವಿರೋಧದ ಮತ ಹೊಸ ನೆಲೆಯನ್ನು ಹುಡುಕುತ್ತದೆ. 2023ರಲ್ಲಿ ಮೂರನೆಯ ಸ್ಥಾನದಲ್ಲಿದ್ದ ಕಾಂಗ್ರೆಸ್‌ಗೆ ದಾಸರಹಳ್ಳಿಯಲ್ಲಿ ಅವಕಾಶ ತೆರೆದಿರುವುದು ಇಲ್ಲಿಯೇ. ಅದನ್ನು ಬಳಸಿಕೊಳ್ಳಲು ಬೇಕಾದ ಸ್ಥಳೀಯ ಸಂಘಟನೆ ಆ ಪಕ್ಷಕ್ಕೆ ಇದೆಯೇ ಎಂಬುದು ಬೇರೆ ಮಾತು.

ವಿಧಾನಸೌಧಕ್ಕೊಂದು, ದೆಹಲಿಗೊಂದು

ದಾಸರಹಳ್ಳಿಯೂ ಸೇರಿದಂತೆ ಎಂಟು ವಿಧಾನಸಭಾ ಕ್ಷೇತ್ರಗಳನ್ನೊಳಗೊಂಡ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದ ಇತಿಹಾಸ ಮತ್ತೊಂದು ಅಂಶವನ್ನು ತೋರಿಸುತ್ತದೆ. 1977ರ ಜನತಾ ಅಲೆಯಲ್ಲಿಯೂ ಸಿ.ಕೆ. ಜಾಫರ್ ಷರೀಫ್ ಅವರನ್ನು ಗೆಲ್ಲಿಸಿದ ಕ್ಷೇತ್ರವಿದು. 2004ರಲ್ಲಿ ಬಿಜೆಪಿಯ ಎಚ್.ಟಿ. ಸಾಂಗ್ಲಿಯಾನ ಅವರನ್ನು ಮಣಿಸಿದರು. ಅಲ್ಲಿಂದೀಚೆಗೆ ಡಿ.ಬಿ. ಚಂದ್ರೇಗೌಡ, ಡಿ.ವಿ. ಸದಾನಂದಗೌಡ, ಶೋಭಾ ಕರಂದ್ಲಾಜೆ ಹೀಗೆ ಬಿಜೆಪಿ ಅಭ್ಯರ್ಥಿಗಳೇ ಇಲ್ಲಿಂದ ಲೋಕಸಭೆಗೆ ಹೋಗಿದ್ದಾರೆ. 2024ರಲ್ಲಿ ಗೆಲುವಿನ ಅಂತರ ಎರಡೂವರೆ ಲಕ್ಷ ಮೀರಿತ್ತು.

ಆದರೆ ಇದೇ ಎಂಟು ಕ್ಷೇತ್ರಗಳಲ್ಲಿ ಬ್ಯಾಟರಾಯನಪುರ, ಹೆಬ್ಬಾಳ, ಪುಲಕೇಶಿನಗರಗಳು 2023ರಲ್ಲಿ ಕಾಂಗ್ರೆಸ್ ಶಾಸಕರನ್ನು ಆರಿಸಿದ್ದವು. ಅಪಾರ್ಟ್‌ಮೆಂಟ್‌ಗಳೂ ಹೊಸ ಬಡಾವಣೆಗಳೂ ದಟ್ಟವಾಗಿರುವ ಬ್ಯಾಟರಾಯನಪುರದಲ್ಲಿ ಕಾಂಗ್ರೆಸ್‌ನ ಕೃಷ್ಣ ಬೈರೇಗೌಡ 2008ರಿಂದ ಸತತ ನಾಲ್ಕು ಬಾರಿ ಗೆದ್ದಿದ್ದಾರೆ. ಅವರೇ 2019ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು.

ಪಕ್ಷಾಂತರದ ನಿದರ್ಶನ ಇನ್ನೂ ಗಮನಾರ್ಹ. ಯಶವಂತಪುರದ ಎಸ್.ಟಿ. ಸೋಮಶೇಖರ್ ಮತ್ತು ಕೆ.ಆರ್. ಪುರದ ಬೈರತಿ ಬಸವರಾಜ 2018ರಲ್ಲಿ ಕಾಂಗ್ರೆಸ್‌ನಿಂದ, ಮಹಾಲಕ್ಷ್ಮಿ ಲೇಔಟ್‌ನ ಕೆ. ಗೋಪಾಲಯ್ಯ ಜೆಡಿಎಸ್‌ನಿಂದ ಗೆದ್ದಿದ್ದರು. 2019ರಲ್ಲಿ ಮೂವರೂ ಬಿಜೆಪಿ ಸೇರಿ, ಡಿಸೆಂಬರ್‌ನ ಉಪಚುನಾವಣೆಯಲ್ಲಿ ಗೆದ್ದರು. 2023ರಲ್ಲಿಯೂ ಗೆದ್ದರು. ಚಿಹ್ನೆ ಬದಲಾದರೂ ಮುಖ ಉಳಿಯಿತು. ಹೊಸದಾಗಿ ಬೆಳೆದ ಬಡಾವಣೆಗಳಲ್ಲಿ ಖಾತೆ, ಚರಂಡಿ, ಕೊಳವೆಬಾವಿ, ಬೀದಿದೀಪಗಳಿಗಾಗಿ ಜನ ಹುಡುಕಿಕೊಂಡು ಹೋಗುವುದು ಕೆಲಸ ಮಾಡಿಸಿಕೊಡಬಲ್ಲ ವ್ಯಕ್ತಿಯನ್ನು. ಆ ವ್ಯಕ್ತಿಯ ಪಕ್ಷ ಯಾವುದೆಂಬುದು ಅನಂತರದ ಪ್ರಶ್ನೆ.

ಅಮೆರಿಕದಿಂದ ಬಂದ ಪಾಠ

ಜನಸಂಖ್ಯೆಯ ಸ್ವರೂಪವೇ ಪಕ್ಷಗಳ ಭವಿಷ್ಯವನ್ನು ನಿರ್ಧರಿಸುತ್ತದೆ ಎಂಬ ವಾದ ಅತ್ಯಂತ ಪ್ರಬಲವಾಗಿ ಕೇಳಿಬಂದದ್ದು ಅಮೆರಿಕದಲ್ಲಿ. ಜಾನ್ ಜುಡಿಸ್ ಮತ್ತು ರೂಯ್ ಟಿಕ್ಸೇರಾ 2002ರಲ್ಲಿ ಪ್ರಕಟಿಸಿದ ಕೃತಿಯೊಂದರಲ್ಲಿ, ಅಲ್ಪಸಂಖ್ಯಾತರು, ದುಡಿಯುವ ಮಹಿಳೆಯರು ಹಾಗೂ ವಿದ್ಯಾವಂತ ವೃತ್ತಿಪರರ ಸಂಖ್ಯೆ ಹೆಚ್ಚುತ್ತಿರುವುದರಿಂದ ಡೆಮಾಕ್ರಟಿಕ್ ಪಕ್ಷಕ್ಕೆ ಬಹುಮತ ಒದಗಲಿದೆ ಎಂದು ವಾದಿಸಿದ್ದರು. 2008ರಲ್ಲಿ ಬರಾಕ್ ಒಬಾಮಾ ಗೆದ್ದಾಗ ಭವಿಷ್ಯ ನಿಜವಾದಂತೆ ತೋರಿತು. 1968ರಿಂದ ಅಧ್ಯಕ್ಷೀಯ ಚುನಾವಣೆಗಳಲ್ಲಿ ರಿಪಬ್ಲಿಕನ್ ಪಕ್ಷದ ಕೈಬಿಡದಿದ್ದ ವರ್ಜೀನಿಯಾ ರಾಜ್ಯ ಆ ವರ್ಷ ಮಗ್ಗುಲು ಬದಲಿಸಿತು. ವಾಷಿಂಗ್ಟನ್ ಸುತ್ತಲಿನ ಉಪನಗರಗಳಿಗೆ ಬಂದ ಹೊಸ ಜನ ಇದಕ್ಕೆ ಮುಖ್ಯ ಕಾರಣರಾಗಿದ್ದರು.

ಆದರೆ 2016ರಲ್ಲಿ ಹಳೆಯ ಕೈಗಾರಿಕಾ ರಾಜ್ಯಗಳ ಕಾರ್ಮಿಕ ಮತ ಡೊನಾಲ್ಡ್ ಟ್ರಂಪ್ ಅವರತ್ತ ತಿರುಗಿತು. 2024ರಲ್ಲಿ ನಿವಾಸಿಗಳು ಬಹುತೇಕ ಹಿಸ್ಪಾನಿಕ್ ಮೂಲದವರೇ ಆಗಿರುವ ಟೆಕ್ಸಾಸ್‌ನ ಸ್ಟಾರ್ ಕೌಂಟಿ, ಶತಮಾನಕ್ಕೂ ಹೆಚ್ಚು ಕಾಲದ ನಂತರ ರಿಪಬ್ಲಿಕನ್ ಅಭ್ಯರ್ಥಿಗೆ ಬಹುಮತ ನೀಡಿತು. ಡೆಮಾಕ್ರಟರು ತಮ್ಮ ಮತದಾರರನ್ನು ಎಲ್ಲಿ ಕಳೆದುಕೊಂಡರು ಎಂದು ವಿವರಿಸುವ ಇನ್ನೊಂದು ಕೃತಿಯನ್ನು ಅದೇ ಇಬ್ಬರು ಲೇಖಕರು 2023ರಲ್ಲಿ ಹೊರತಂದದ್ದು ಕುತೂಹಲಕರ.

ಜಾತಿ, ಭಾಷೆ, ಮೂಲ ಜಿಲ್ಲೆಗಳ ಆಧಾರದ ಮೇಲೆ ಮತದಾರನನ್ನು ಮೊದಲೇ ಒಂದು ಪಕ್ಷದ ಖಾತೆಗೆ ಬರೆದುಕೊಳ್ಳುವವರಿಗೆ ಇದರಲ್ಲಿ ಎಚ್ಚರಿಕೆಯಿದೆ. ಒಂದು ವ್ಯತ್ಯಾಸವನ್ನೂ ಗಮನಿಸಬೇಕು. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ಪ್ರತಿನಿಧಿ ಸಭೆಯ 435 ಸ್ಥಾನಗಳು ರಾಜ್ಯಗಳ ನಡುವೆ ಮರುಹಂಚಿಕೆಯಾಗುತ್ತವೆ. 2020ರ ಗಣತಿಯ ಬಳಿಕ ಟೆಕ್ಸಾಸ್‌ಗೆ ಎರಡು ಸ್ಥಾನ ಹೆಚ್ಚಿದವು, ಕ್ಯಾಲಿಫೋರ್ನಿಯಾ ಒಂದನ್ನು ಕಳೆದುಕೊಂಡಿತು. ಭಾರತದಲ್ಲಿ ಇಂಥ ಮರುಹಂಚಿಕೆಯನ್ನು 1976ರ 42ನೇ ತಿದ್ದುಪಡಿ ತಡೆಹಿಡಿಯಿತು. 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು.

ವಾಸ ಇಲ್ಲಿ, ಮತ ಎಲ್ಲಿ?

ಹೊಸ ನಿವಾಸಿ ಹೊಸ ಮತದಾರನಾಗುವುದು ತಾನಾಗಿಯೇ ಅಲ್ಲ. 1950ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಒಂದು ಕ್ಷೇತ್ರದ ಪಟ್ಟಿಗೆ ಸೇರಲು ಅಲ್ಲಿ ಸಾಮಾನ್ಯವಾಗಿ ವಾಸವಿರಬೇಕು. ನಿವೇಶನವೋ ಮನೆಯೋ ಇದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ಬಾಡಿಗೆ ಮನೆಯೆಂಬ ಕಾರಣಕ್ಕೆ ಹಕ್ಕು ತಪ್ಪುವುದೂ ಇಲ್ಲ. ಹೊಸದಾಗಿ ಹೆಸರು ಸೇರಿಸಲು ನಮೂನೆ 6, ವಿಳಾಸ ಬದಲಾವಣೆಗೆ ನಮೂನೆ 8 ಇವೆ. ಆದರೆ ಹನ್ನೊಂದು ತಿಂಗಳ ಕರಾರಿನಲ್ಲಿ ಮನೆಯಿಂದ ಮನೆಗೆ ಬದಲಾಗುವ ಬಾಡಿಗೆದಾರ, ಮಾಲೀಕನ ಶೆಡ್ಡಿನಲ್ಲಿ ಮಲಗುವ ಕಾರ್ಮಿಕ ವಿಳಾಸದ ದಾಖಲೆ ಒದಗಿಸುವುದು ಸುಲಭವಲ್ಲ. ಊರಿನ ಪಟ್ಟಿಯಲ್ಲಿ ಹೆಸರಿದ್ದರೆ ಪಡಿತರ, ಪಂಚಾಯಿತಿ ಚುನಾವಣೆ, ಜಮೀನಿನ ಸಂಬಂಧ ಉಳಿಯುತ್ತದೆಂಬ ಭಾವನೆಯೂ ಅನೇಕರಲ್ಲಿದೆ.

2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಪ್ರಮಾಣ ಶೇ. 73 ದಾಟಿದಾಗ ಬೆಂಗಳೂರಿನದು ಶೇ. 54ರ ಆಸುಪಾಸಿನಲ್ಲಿತ್ತು. ನಗರದ ಮತದಾರನ ಉದಾಸೀನವೆಂದು ಇದನ್ನು ಟೀಕಿಸುವುದು ವಾಡಿಕೆ. ಊರಿಗೂ ನಗರಕ್ಕೂ ಹಂಚಿಹೋದ ಬದುಕು, ಮನೆ ಬದಲಿಸಿದವರ ಹೆಸರುಗಳು ಹಳೆಯ ಮತಗಟ್ಟೆಯಲ್ಲೇ ಉಳಿಯುವುದು ಕೂಡ ಈ ಅಂಕಿಯ ಹಿಂದಿವೆ.

ಪಕ್ಷಗಳು ಹೊಸಬರನ್ನು ತಲುಪಬಲ್ಲ ಸಹಜ ಬಾಗಿಲು ಸ್ಥಳೀಯ ಸಂಸ್ಥೆಗಳು. ಆ ಬಾಗಿಲೂ ಬೆಂಗಳೂರಿನಲ್ಲಿ ದೀರ್ಘಕಾಲ ಮುಚ್ಚಿತ್ತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ರಚನೆಯಾದ ಬಿಬಿಎಂಪಿಗೆ ಕಡೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಅದರ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬರುವವರೆಗೂ ನಗರದಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ಚಿಕ್ಕಬಾಣಾವರ ಬಿಬಿಎಂಪಿಯ ಗಡಿಯ ಹೊರಗಿತ್ತು. 110 ಹಳ್ಳಿಗಳಿಗೆಂದು ರೂಪುಗೊಂಡು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಪಟ್ಟಿಯಲ್ಲಿಯೂ ಅದು ಇರಲಿಲ್ಲ. ನಗರಕ್ಕೆ ದುಡಿಯಲು ಹೋಗುವ ಜನ, ನಗರದ ಸೌಕರ್ಯದ ಪಟ್ಟಿಯಲ್ಲಿ ಮಾತ್ರ ಹೊರಗಿನವರು.

ಮುಂದೇನು?

2021ರಲ್ಲಿ ನಡೆಯಬೇಕಿದ್ದ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವಾಗಿ ನಿಗದಿಯಾಗಿದೆ. ಅದರ ಬೆನ್ನಿಗೆ ಕ್ಷೇತ್ರಗಳ ಗಡಿಯನ್ನು ಮತ್ತೆ ಎಳೆದಾಗ 2008ರಂತೆಯೇ ರಾಜಧಾನಿಯ ಹೊರವಲಯದ ಬಲ ಹೆಚ್ಚುವುದು ನಿರೀಕ್ಷಿತ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ 25 ಕಿ.ಮೀ. ಉದ್ದದ ಉಪನಗರ ರೈಲು ಮಾರ್ಗ ಪೂರ್ಣಗೊಂಡರೆ ಈ ಭಾಗಕ್ಕೆ ಇನ್ನಷ್ಟು ಜನ ಬರುತ್ತಾರೆ.

ಗಡಿ ಎಳೆಯುವಾಗ ಎಣಿಕೆಗೆ ಬರುವುದು ಜನಸಂಖ್ಯೆ; ಶಾಸಕನನ್ನು ಆರಿಸುವುದು ಮತದಾರರ ಪಟ್ಟಿ. ಇವೆರಡರ ನಡುವಿನ ಅಂತರ ಹೀಗೆಯೇ ಉಳಿದರೆ, ಬಾಡಿಗೆ ಮನೆಗಳ ಸಾವಿರಾರು ನಿವಾಸಿಗಳು ಕ್ಷೇತ್ರದ ಗಾತ್ರವನ್ನು ಹಿಗ್ಗಿಸುತ್ತಾರೆ, ಆದರೆ ಅದರ ಪ್ರತಿನಿಧಿಯನ್ನು ಆರಿಸುವವರು ಬೇರೆಯವರಾಗುತ್ತಾರೆ. ಜಾತಿ ಲೆಕ್ಕದ ಪುಸ್ತಕವನ್ನು ಬದಿಗಿಟ್ಟು ನಮೂನೆ 6ರ ಕಟ್ಟು ಹಿಡಿದು ಈ ಬೀದಿಗಳಲ್ಲಿ ಮನೆ ಮನೆಗೆ ಮೊದಲು ಹೋಗುವ ಪಕ್ಷ, ಉತ್ತರ ಬೆಂಗಳೂರಿನ ಮುಂದಿನ ಎರಡು ದಶಕಗಳ ಮೇಲೆ ಹಕ್ಕು ಸಾಧಿಸಬಹುದು. ಚುನಾವಣೆಗೆ ಮೂರು ತಿಂಗಳಿರುವಾಗ ಮಾತ್ರ ಕಾಣಿಸಿಕೊಳ್ಳುವ ಪಕ್ಷಗಳಿಗೆ ಅದು ದಕ್ಕುವ ಸಾಧ್ಯತೆ ಕಡಿಮೆ.