ಮೇಕೆದಾಟು: ಕಾವೇರಿ ಮೈ ಕುಗ್ಗಿಸುವ ಜಾಗ

ಮೈಸೂರಿನ ಚಾಮರಾಜಪುರಂನಲ್ಲಿ ಬೆಳೆದ ನನಗೆ ಕಾವೇರಿ ಎಂದರೆ ಬಲಮುರಿಯ ನೀರು. ಬುತ್ತಿ ಕಟ್ಟಿಕೊಂಡು ಹೋಗಿ ಮಿಂದು ಬರುವ ಸಾಧು ಹೊಳೆ. ಅದೇ ಹೊಳೆಯ ಇನ್ನೊಂದು ಮುಖ ನೋಡೋಣವೆಂದು ಬೇಸಿಗೆಯ ಒಂದು ನಸುಕಿನಲ್ಲಿ ಅಕ್ಕನ ಮಗನ ಕಾರು ಹತ್ತಿದೆ. ಮಳವಳ್ಳಿ, ಹಲಗೂರು, ಸಾತನೂರು ಕಳೆದವು. ದೊಡ್ಡಾಲಹಳ್ಳಿ ದಾಟಿದ ಮೇಲೆ ಹೊಲ ಮುಗಿದು ಕುರುಚಲು ಕಾಡು. ರಸ್ತೆ ಇಳಿಯುತ್ತಲೇ ಹೋಗುತ್ತದೆ.

ಅದು ಮುಗಿಯುವುದು ಸಂಗಮದಲ್ಲಿ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ಕಾವೇರಿಗೆ ಸೇರುವುದು ಇಲ್ಲೇ. ಹರಿಗೋಲು, ಹುರಿದ ಮೀನಿನ ಘಮ, ಒದ್ದೆ ಟವೆಲ್ಲು, ಗದ್ದಲ. ಬಹಳ ಮಂದಿ ಇಷ್ಟಕ್ಕೇ ‘ಮೇಕೆದಾಟು ನೋಡಿದೆವು’ ಎಂದು ವಾಪಸಾಗುತ್ತಾರೆ. (ವೃಷಭಾವತಿಯ ಮೂಲಕ ಬೆಂಗಳೂರಿನ ಕೊಳಚೆಯೂ ಅರ್ಕಾವತಿಗೆ ಬಂದು ಬೀಳುತ್ತದೆ, ಮೀಯುವವರಿಗೆ ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ.)

ಹೊಳೆ ದಾಟಿದರೆ ಆಚೆ ದಡದಿಂದ ಮೇಕೆದಾಟಿಗೆ ಇನ್ನೂ ಸುಮಾರು 4 ಕಿಲೋಮೀಟರ್. ಮೈಯೆಲ್ಲ ಕುಲುಕಿಸುವ ಹಳೇ ಬಸ್ಸು, ಇಲ್ಲವೇ ನಡಿಗೆ. ನಾವು ಬಸ್ಸು ಹತ್ತಿದೆವು.

ಇಳಿದಾಗ ಮೊದಲು ಸಿಕ್ಕಿದ್ದು ಸದ್ದು, ಹೊಳೆಯಲ್ಲ. ಬಂಡೆಯಂಚಿಗೆ ಬಂದು ಬಗ್ಗಿದರೆ, ಶ್ರೀರಂಗಪಟ್ಟಣವನ್ನೇ ದ್ವೀಪ ಮಾಡಿದ ನದಿ ಕೆಳಗಿನ ಸೀಳಿನಲ್ಲಿ ಅಡ್ಡಡ್ಡ ತಿರುಗಿ ನುಗ್ಗುತ್ತಿದೆ. ತೀರ ಇಕ್ಕಟ್ಟಾದ ಕಡೆ ದಡದಿಂದ ದಡಕ್ಕೆ ಹತ್ತು ಮೀಟರ್ ಆಸುಪಾಸು. ನೀರಿಳಿದಿದ್ದರಿಂದ ಬಂಡೆಗಳ ಮೈ ಪೂರ್ತಿ ಕಾಣುತ್ತಿತ್ತು: ಮೈತುಂಬ ಒರಳುಗಳು. ಕೆಲವು ಮುಷ್ಟಿಯಷ್ಟು, ಕೆಲವದರಲ್ಲಿ ಆಳೇ ಇಳಿಯಬಹುದು. ಸುಳಿಗೆ ಸಿಕ್ಕ ಕಲ್ಲು ಒಂದೇ ಕಡೆ ಗಿರಗಿರನೆ ತಿರುಗಿ, ರುಬ್ಬುಗುಂಡಿನ ಹಾಗೆ ಗಟ್ಟಿ ಬಂಡೆಯನ್ನೇ ತೇಯ್ದ ಗುರುತು. ಒಂದು ಒರಳಿನ ತಳದಲ್ಲಿ ಗುಂಡುಕಲ್ಲೂ ಇನ್ನೂ ಕೂತಿತ್ತು, ಮುಂದಿನ ಮಳೆಗಾಲಕ್ಕೆ ಕಾದಂತೆ.

ಅಂಚು ನುಣುಪು. ಕಾಲು ಜಾರಿದರೆ ಹಿಡಿಯಲು ಏನೂ ಇಲ್ಲ. ನೀರಿಗಿಳಿದು ಜೀವ ಕಳೆದುಕೊಂಡವರು ಹಲವರು. ಎಚ್ಚರಿಕೆಯ ಫಲಕಕ್ಕೇ ಒರಗಿ ಸೆಲ್ಫಿ ತೆಗೆಯುತ್ತಿದ್ದ ಹುಡುಗರನ್ನು ಕಂಡು ನಾನೇ ಎರಡು ಹೆಜ್ಜೆ ಹಿಂದೆ ಸರಿದೆ.

ಈ ಹೆಸರು ಪೇಪರಿನಲ್ಲಿ ಬರುವುದು ಬೇರೆ ಕಾರಣಕ್ಕೆ. 67.16 ಟಿಎಂಸಿ ಅಡಿ ನೀರು ಹಿಡಿಯುವ ಅಣೆಕಟ್ಟು ಬೇಕೆನ್ನುತ್ತದೆ ಕರ್ನಾಟಕ, ಕೂಡದೆನ್ನುತ್ತದೆ ತಮಿಳುನಾಡು. 2022ರ ಜನವರಿಯಲ್ಲಿ ಅಣೆಕಟ್ಟಿಗಾಗಿ ಪಾದಯಾತ್ರೆಯೂ ನಡೆಯಿತು. ಬಂಡೆಯ ಮೇಲೆ ಕೂತವರ ಬಾಯಲ್ಲಿ ಮಾತ್ರ ಹಳೇ ಕಥೆಯೇ: ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಇಲ್ಲಿಂದ ಆಚೆಗೆ ನೆಗೆಯಿತಂತೆ.

ಅಕ್ಕನ ಮಗ ಸೀಳನ್ನು ಕಣ್ಣಲ್ಲೇ ಅಳೆದು ಕೇಳಿದ: “ಮಾಮ, ಮೇಕೆ ದಾಟಿತು ಸರಿ. ವಾಪಸ್ ಹೆಂಗೆ ಬಂತು?”

ಹಿಂದೆ ಬಸ್ಸಿನವನು ಹಾರನ್ ಒತ್ತುತ್ತಿದ್ದ.